ತಡಿ, ಇನ್ನೂ ಮಿಡೀತೈತೆ

ತಂಗಿಯ ಮಗುವಿಗೆ ಒಂಬತ್ತನೇ ದಿನ ಬೆಳಿಗ್ಗೆ ಹೊಕ್ಕಳ ಹುರಿ ಬಿತ್ತು. ಒದ್ದೆ ಬಟ್ಟೆ ಬದಲಿಸುವಾಗ ಅವ್ವನ ಕೈಗೆ ಸಿಕ್ಕಿತು. ಒಣಗಿದ ಹುಣಸೆ ನಾರಿನ ಹಾಗೆ ಕಪ್ಪಗೆ ಮುರುಟಿಕೊಂಡು, ಕಿರುಬೆರಳಿನ ಅರ್ಧದಷ್ಟಿತ್ತು. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟಿಕ್ ಕ್ಲಿಪ್ ಇನ್ನೂ ಅದನ್ನು ಕಚ್ಚಿಕೊಂಡೇ ಇತ್ತು. ಅವ್ವ ಅದನ್ನು ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮಗು ಎಚ್ಚರವಾಗಲೇ ಇಲ್ಲ.

ಪಕ್ಕದಲ್ಲಿ ನನ್ನ ಮಗಳು ನಿಂತಿದ್ದಳು. ಏಳು ವರ್ಷ ಅವಳಿಗೆ. "ಅಮ್ಮ, ಇದು ಚಿಕ್ಕಮ್ಮನ ಹೊಕ್ಕಳಿಗೆ ಕಟ್ಟಿತ್ತಾ?" ಅಂತ ಕೇಳಿದಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಈ ಪ್ರಶ್ನೆಯನ್ನು ಹತ್ತನೇ ತರಗತಿಯ ಹುಡುಗಿಯರೂ ಕೇಳಿದ್ದಾರೆ. ಮದುವೆಯಾಗಿ ಮಕ್ಕಳಾದ ನನ್ನ ಗೆಳತಿಯರೂ ಕೇಳಿದ್ದಾರೆ. ಒಂಬತ್ತು ತಿಂಗಳು ನಮ್ಮನ್ನು ಬದುಕಿಸಿದ ವಸ್ತು ಇದು. ಇದರ ಬಗ್ಗೆ ನಮಗೆ ಗೊತ್ತಿರುವುದು ತುಂಬಾ ಕಡಿಮೆ ಅಲ್ವಾ ಅಂತ ಪ್ರತಿ ಸಲ ಅನಿಸುತ್ತದೆ. ಮಗಳಿಗೆ ಆ ದಿನ ಹೇಳಿದ್ದು ಸ್ವಲ್ಪ. ಹೇಳಬೇಕು ಅಂತ ಮನಸ್ಸಿನಲ್ಲಿ ಉಳಿದದ್ದು ಜಾಸ್ತಿ. ಅದನ್ನೆಲ್ಲ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಪುಸ್ತಕದಲ್ಲಿ ಇದಕ್ಕೆ ಹೊಕ್ಕುಳಬಳ್ಳಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹೊಕ್ಕಳ ಹುರಿ. ನನಗೆ ಹುರಿ ಅನ್ನುವ ಮಾತೇ ಇಷ್ಟ, ಅದಕ್ಕೆ ಕಾರಣ ನನ್ನ ಅಪ್ಪನ ಅಪ್ಪ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಅಜ್ಜ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ನಾವು ಚಿಕ್ಕವರಿದ್ದಾಗ ಹತ್ತಿಯ ಒಂದು ಎಳೆ ಕೊಟ್ಟು ಎಳೆಯಿರಿ ಅನ್ನುತ್ತಿದ್ದರು. ಎಳೆದ ಕೂಡಲೇ ಕಿತ್ತುಬರುತ್ತಿತ್ತು. ಆಮೇಲೆ ಅದೇ ಹತ್ತಿಯನ್ನು ತೊಡೆಯ ಮೇಲೆ ಹೊಸೆದು ಕೊಡುತ್ತಿದ್ದರು. ಎಷ್ಟು ಎಳೆದರೂ ಕೀಳುತ್ತಿರಲಿಲ್ಲ. "ಎಲ್ಲಾ ಹುರಿಯೊಳಗೇ ಐತೆ ನೋಡು" ಅನ್ನುತ್ತಿದ್ದರು.

ಹೊಕ್ಕಳ ಹುರಿಯೂ ಹೊಸೆದದ್ದೇ. ಒಳಗೆ ಮೂರು ರಕ್ತನಾಳಗಳಿವೆ. ಎರಡು ಸಣ್ಣವು, ಒಂದು ದೊಡ್ಡದು. ಅವು ಒಂದನ್ನೊಂದು ಸುತ್ತಿಕೊಂಡು ಹೋಗುತ್ತವೆ. ಹೆಚ್ಚಿನ ಮಕ್ಕಳಲ್ಲಿ ಈ ಸುತ್ತು ಎಡಕ್ಕೆ ತಿರುಗಿರುತ್ತದೆ. ಹೀಗೆ ಸುತ್ತಿಕೊಂಡಿರುವುದರಿಂದಲೇ ಮಗು ಒಳಗೆ ಲಾಗ ಹಾಕಿದರೂ, ಒದ್ದರೂ, ಜಗ್ಗಿದರೂ ನಾಳಗಳು ಸುಲಭವಾಗಿ ಮಡಚಿಕೊಳ್ಳುವುದಿಲ್ಲ. ಹಳೆಯ ಟೆಲಿಫೋನಿನ ಸುರುಳಿ ವೈರ್ ನೆನಪಿದೆಯಾ? ಎಳೆದರೆ ಉದ್ದವಾಗುತ್ತಿತ್ತು, ಬಿಟ್ಟರೆ ಮೊದಲಿನಂತೆ ಆಗುತ್ತಿತ್ತು. ಹಾಗೆ.

ಮೂರು ನಾಳಗಳ ಸುತ್ತ ಒಂದು ಲೋಳೆ ತುಂಬಿರುತ್ತದೆ. ಲೋಳೆಸರವನ್ನು ಸೀಳಿದರೆ ಒಳಗೆ ಸಿಗುವ ತಿರುಳಿನ ಹಾಗೆ, ಜಾರುತ್ತದೆ, ಅದುಮಿದರೆ ಮತ್ತೆ ಉಬ್ಬುತ್ತದೆ. ಇದಕ್ಕೆ ವಾರ್ಟನ್ಸ್ ಜೆಲ್ಲಿ ಎಂದು ಹೆಸರು. ಥಾಮಸ್ ವಾರ್ಟನ್ ಎಂಬ ಇಂಗ್ಲೆಂಡಿನ ವೈದ್ಯ 1656ರಲ್ಲಿ ಇದರ ಬಗ್ಗೆ ಬರೆದಿದ್ದ. ನಾಳಗಳ ಮೇಲೆ ಒತ್ತಡ ಬೀಳದಂತೆ ಕಾಯುವುದು ಈ ಲೋಳೆಯೇ. ದಿನ ತುಂಬಿದಾಗ ಹುರಿಯ ಉದ್ದ ಸುಮಾರು 50ರಿಂದ 60 ಸೆಂಟಿಮೀಟರ್. ದುಗ್ಗಮ್ಮನ ಗುಡಿ ಮುಂದೆ ಹೂವಿನವರು ಅಳೆದು ಕೊಡುತ್ತಾರಲ್ಲ, ಆ ಲೆಕ್ಕದಲ್ಲಿ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಹುಟ್ಟುವ ಮಗುವಿನ ಉದ್ದವೂ ಹೆಚ್ಚು ಕಡಿಮೆ ಅಷ್ಟೇ. ಒಳಗೆ ಹೆಚ್ಚು ಓಡಾಡುವ ಮಗುವಿನ ಹುರಿ ಹೆಚ್ಚು ಉದ್ದ ಬೆಳೆಯುತ್ತದೆ ಅನ್ನುತ್ತಾರೆ. ಜಗ್ಗಿದಷ್ಟೂ ಬೆಳೆಯುತ್ತದೆಯಂತೆ.

ಮಗಳ ಪ್ರಶ್ನೆಗೆ ಬರುತ್ತೇನೆ. ಇಲ್ಲ, ಅದು ತಾಯಿಯ ಹೊಕ್ಕಳಿಗೆ ಕಟ್ಟಿರುವುದಿಲ್ಲ. ನಮ್ಮ ಹೊಕ್ಕಳು ನಮ್ಮ ತಾಯಿಯಿಂದ ಬಂದ ಗುರುತು, ನಮ್ಮ ಮಗುವಿಗೆ ಅದರಿಂದ ಏನೂ ಹೋಗುವುದಿಲ್ಲ. ಹುರಿಯ ಒಂದು ತುದಿ ಮಗುವಿನ ಹೊಕ್ಕಳಲ್ಲಿ, ಇನ್ನೊಂದು ತುದಿ ಮಾಸಿನಲ್ಲಿ. ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಹೆರಿಗೆಯ ಹೊತ್ತಿಗೆ ಅದು ಸುಮಾರು ಅರ್ಧ ಕೆಜಿ ತೂಗುತ್ತದೆ.

ಮಾಸಿನೊಳಗೆ ನಡೆಯುವುದನ್ನು ತರಗತಿಯಲ್ಲಿ ಹೇಳುವಾಗ ನಾನು ಭತ್ತದ ಗದ್ದೆಯ ಉದಾಹರಣೆ ಕೊಡುತ್ತೇನೆ. ನಮ್ಮ ಶಾಲೆಗೆ ಭದ್ರಾ ಕಾಲುವೆ ಕಡೆಯ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ, ಅವರಿಗೆ ತಕ್ಷಣ ಅರ್ಥವಾಗುತ್ತದೆ. ನಾಟಿ ಮಾಡಿದ ಪೈರು ನೀರಿನಲ್ಲಿ ಬೇರು ಇಳಿಬಿಟ್ಟು ನಿಂತಿರುತ್ತದೆ. ಗದ್ದೆಯ ನೀರು ಹಾಗೇ ಕಾಂಡದೊಳಕ್ಕೆ ನುಗ್ಗುವುದಿಲ್ಲ. ಬೇರು ತನಗೆ ಬೇಕಾದದ್ದನ್ನು ಹೀರಿಕೊಳ್ಳುತ್ತದೆ. ಮಾಸಿನಲ್ಲೂ ಬೇರಿನಂಥ ಸಾವಿರಾರು ಸಣ್ಣ ಎಳೆಗಳಿವೆ. ಅವುಗಳೊಳಗೆ ಮಗುವಿನ ರಕ್ತ, ಸುತ್ತಲೂ ತಾಯಿಯ ರಕ್ತ. ಮಧ್ಯೆ ತುಂಬಾ ತೆಳ್ಳನೆಯ ಪೊರೆ. ಆಮ್ಲಜನಕ, ಸಕ್ಕರೆ, ಕಬ್ಬಿಣ, ಸುಣ್ಣದ ಅಂಶ ಮಗುವಿನ ಕಡೆಗೆ ಹೋಗುತ್ತವೆ. ಇಂಗಾಲದ ಡೈ ಆಕ್ಸೈಡ್, ಬೇಡದ ಕಸ ತಾಯಿಯ ಕಡೆಗೆ ಬರುತ್ತವೆ. ಎರಡು ರಕ್ತ ಬೆರೆಯುವುದಿಲ್ಲ. ನನ್ನದು ಓ ಗುಂಪು, ಮಗಳದು ಬಿ. ಅವಳು ನನ್ನೊಳಗೆ ಒಂಬತ್ತು ತಿಂಗಳು ಇದ್ದೂ ತನ್ನದೇ ರಕ್ತದಲ್ಲಿ ಬೆಳೆದಳು.

ಇನ್ನೊಂದು ವಿಷಯ ಮಕ್ಕಳನ್ನು ಗೊಂದಲಕ್ಕೆ ಹಾಕುತ್ತದೆ. ಅಪಧಮನಿಯಲ್ಲಿ ಆಮ್ಲಜನಕ ಹೆಚ್ಚಿರುವ ರಕ್ತ, ಅಭಿಧಮನಿಯಲ್ಲಿ ಕಡಿಮೆ ಇರುವ ರಕ್ತ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಹುರಿಯಲ್ಲಿ ಅದು ಉಲ್ಟಾ. ದೊಡ್ಡ ನಾಳ ಅಭಿಧಮನಿ, ಒಳ್ಳೆಯ ರಕ್ತವನ್ನು ಮಾಸಿನಿಂದ ಮಗುವಿಗೆ ತರುವುದು ಅದೇ. ಎರಡು ಅಪಧಮನಿಗಳು ಬಳಸಿದ ರಕ್ತವನ್ನು ವಾಪಸ್ ಒಯ್ಯುತ್ತವೆ. ಹೆಸರು ಬಂದಿರುವುದು ರಕ್ತದ ಗುಣದಿಂದಲ್ಲ, ದಿಕ್ಕಿನಿಂದ. ಹೃದಯದಿಂದ ಹೊರಗೆ ಹೋಗುವುದು ಅಪಧಮನಿ, ಹೃದಯಕ್ಕೆ ಬರುವುದು ಅಭಿಧಮನಿ. ಯಾರ ಹೃದಯ? ಮಗುವಿನದು. ತಾಯಿಯ ಹೃದಯ ಈ ರಕ್ತವನ್ನು ತಳ್ಳುವುದೇ ಇಲ್ಲ. ನಿಮಿಷಕ್ಕೆ 110ರಿಂದ 160 ಸಲ ಬಡಿಯುವ ಆ ಪುಟ್ಟ ಹೃದಯವೇ ರಕ್ತವನ್ನು ಮಾಸಿನವರೆಗೆ ಕಳಿಸಿ, ಮತ್ತೆ ಕರೆಸಿಕೊಳ್ಳುತ್ತದೆ. ಹುರಿಯನ್ನು ಮುಟ್ಟಿದರೆ ಸಿಗುವ ಮಿಡಿತ ಮಗುವಿನದು.

ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ನೋಡಿದ್ದೆ.

ಅವ್ವನ ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಆಗ ಅದು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಇತ್ತ ಸೇರಿತು. ಅವ್ವನ ಅವ್ವ ಸೂಲಗಿತ್ತಿ. ಸುತ್ತ ನಾಲ್ಕೈದು ಹಳ್ಳಿಗಳಿಂದ ರಾತ್ರಿ ಹೊತ್ತು ಗಾಡಿ ಕಟ್ಟಿಕೊಂಡು ಬಂದು ಕರೆಯುತ್ತಿದ್ದರು. ದುಡ್ಡು ಕೇಳಿದವಳಲ್ಲ. ಕೊಟ್ಟರೆ ಒಂದು ಸೀರೆ, ಒಂದಿಷ್ಟು ಜೋಳ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅವ್ವ ಟೀವಿ ಮುಂದೆ ಕೂತು ಕಣ್ಣೊರೆಸಿಕೊಂಡಿದ್ದಳು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಕೈ ಅವರದು. ನಮ್ಮ ಅಜ್ಜಿ ಲೆಕ್ಕ ಇಟ್ಟವಳೇ ಅಲ್ಲ.

ನನಗೆ ಒಂಬತ್ತು ವರ್ಷ ಇರಬೇಕು. ಬೇಸಿಗೆ ರಜೆ. ಪಕ್ಕದ ಮನೆಯ ಹೆಣ್ಣುಮಗಳಿಗೆ ಬೇನೆ ಶುರುವಾಗಿತ್ತು. ಹಂಡೆಯಿಂದ ಬಿಸಿನೀರು ತಂದು ಬಾಗಿಲಲ್ಲಿ ಇಡುವುದು ನನ್ನ ಕೆಲಸ. ಕದ ಅರ್ಧ ತೆರೆದಿತ್ತು. ಲಾಟೀನಿನ ಬೆಳಕಲ್ಲಿ ಮಗು ತಾಯಿಯ ಹೊಟ್ಟೆಯ ಮೇಲೆ ಮಲಗಿತ್ತು, ಅಳುತ್ತಿತ್ತು. ಅದರ ಹೊಟ್ಟೆಯಿಂದ ಹೆಬ್ಬೆರಳು ಗಾತ್ರದ ಹಗ್ಗ. ನೀಲಿ, ಹೊಳಪು, ತಿರುಚಿಕೊಂಡದ್ದು. ಅಜ್ಜಿ ಎರಡು ಬೆರಳನ್ನು ಅದರ ಮೇಲಿಟ್ಟು ಸುಮ್ನೆ ಕೂತಿದ್ದಳು. ಯಾರೋ ಹಿರಿಯ ಹೆಂಗಸು "ಕೊಯ್ಯೇ, ಯಾಕೆ ಕುಂತೀದಿ" ಅಂದಳು. ಅಜ್ಜಿ ತಲೆ ಎತ್ತಲಿಲ್ಲ.

"ತಡಿ, ಇನ್ನೂ ಮಿಡೀತೈತೆ. ಅದ್ರ ಪಾಲು ಅದಕ್ಕೆ ಹೋಗ್ಲಿ."

ಸ್ವಲ್ಪ ಹೊತ್ತಿಗೆ ನೀಲಿ ಹೋಗಿ ಅದು ಬೆಳ್ಳಗಾಯಿತು. ಒದ್ದೆ ಬತ್ತಿಯ ಹಾಗೆ ಮೆತ್ತಗಾಯಿತು. ಆಗ ಅಜ್ಜಿ ಎರಡು ಕಡೆ ದಾರ ಬಿಗಿದು, ಕುದಿಯುವ ನೀರಿನಿಂದ ಹೊಸ ಬ್ಲೇಡು ತೆಗೆದು, ಎರಡು ಗಂಟಿನ ನಡುವೆ ಕೊಯ್ದಳು. ಮಗುವಿಗೆ ನೋವಾಯಿತೇನೋ ಅಂತ ನಾನು ಕಣ್ಣು ಮುಚ್ಚಿಕೊಂಡೆ. ನೋವಾಗುವುದಿಲ್ಲ. ಆ ಜಾಗದಲ್ಲಿ ನೋವು ತಿಳಿಸುವ ನರಗಳಿಲ್ಲ.

ಪಾಲು ಅಂದರೆ ಏನು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹುಟ್ಟುವ ಗಳಿಗೆಯಲ್ಲಿ ಮಗುವಿನ ಎಲ್ಲ ರಕ್ತ ಮಗುವಿನ ಮೈಯಲ್ಲಿ ಇರುವುದಿಲ್ಲ. ಸುಮಾರು ಮೂರನೇ ಒಂದು ಭಾಗ ಇನ್ನೂ ಮಾಸಿನಲ್ಲಿ, ಹುರಿಯಲ್ಲಿ ಇರುತ್ತದೆ. ಅದು ತಾಯಿಯದಲ್ಲ, ಮಗುವಿನದೇ. ಮಗು ಅತ್ತು ಶ್ವಾಸಕೋಶ ಅರಳಿದಾಗ ಅಲ್ಲಿಗೆ ಒಮ್ಮೆಲೇ ತುಂಬಾ ರಕ್ತ ಬೇಕಾಗುತ್ತದೆ. ಅದೇ ಹೊತ್ತಿಗೆ ಹುರಿಯಲ್ಲಿ ಒಂದು ಕೆಲಸ ತಾನಾಗಿ ನಡೆಯುತ್ತಿರುತ್ತದೆ. ಹೊರಗಿನ ತಂಪು ತಾಗಿ, ರಕ್ತದಲ್ಲಿ ಆಮ್ಲಜನಕ ಏರಿ, ಎರಡು ಅಪಧಮನಿಗಳು ಮೊದಲು ಬಿಗಿದುಕೊಳ್ಳುತ್ತವೆ. ಮಗುವಿನಿಂದ ಆಚೆ ಹೋಗುವ ದಾರಿ ಮುಚ್ಚಿತು. ಅಭಿಧಮನಿ ಇನ್ನೂ ಸ್ವಲ್ಪ ಹೊತ್ತು ತೆರೆದಿರುತ್ತದೆ. ಮಗುವಿನ ಕಡೆಗೆ ಬರುವ ದಾರಿ ಅದು. ಹೋಗುವ ಬಾಗಿಲು ಮೊದಲು ಮುಚ್ಚಿ, ಬರುವ ಬಾಗಿಲು ಆಮೇಲೆ ಮುಚ್ಚುವ ಈ ಏರ್ಪಾಡನ್ನು ಪಾಠ ಮಾಡುವಾಗಲೆಲ್ಲ ನನಗೆ ಅಜ್ಜಿಯ ಎರಡು ಬೆರಳು ಕಣ್ಣಮುಂದೆ ಬರುತ್ತವೆ.

ಒಂದು ನಿಮಿಷ ಕಾದರೆ ಸುಮಾರು 80 ಮಿಲಿಲೀಟರ್ ರಕ್ತ ಮಗುವಿಗೆ ಸೇರುತ್ತದೆ. ಮೂರು ನಿಮಿಷ ಕಾದರೆ 100ರ ಹತ್ತಿರ. ನಮಗೆ ಅದು ಅರ್ಧ ಲೋಟ. ಮೂರು ಕೆಜಿಯ ಮಗುವಿನ ಮೈಯಲ್ಲಿ ಇರುವುದೇ ಕಾಲು ಲೀಟರಿನ ಆಸುಪಾಸು ರಕ್ತ. ಆ ರಕ್ತದ ಜೊತೆ ಬರುವ ಕಬ್ಬಿಣ ಮುಂದೆ ಎಷ್ಟೋ ತಿಂಗಳು ಅದರ ಬೆಳವಣಿಗೆಗೆ ಬೇಕು, ಏಕೆಂದರೆ ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಕನಿಷ್ಠ ಒಂದು ನಿಮಿಷವಾದರೂ ಕಾಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2018ರಲ್ಲಿ ಶುರುವಾದ ನಮ್ಮ ದೇಶದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲೂ ಇದು ಸೇರಿದೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗಂತೂ ಈ ಕಾಯುವಿಕೆಯಿಂದ ಜೀವ ಉಳಿಯುವ ಸಾಧ್ಯತೆಯೇ ಹೆಚ್ಚುತ್ತದೆ. ಹಾಗಂತ ಎಲ್ಲ ಸಲ ಕಾಯಲು ಆಗುವುದಿಲ್ಲ. ಮಗು ಉಸಿರಾಡದಿದ್ದರೆ, ತಾಯಿಗೆ ವಿಪರೀತ ರಕ್ತ ಹೋಗುತ್ತಿದ್ದರೆ ಡಾಕ್ಟರು ಬೇಗ ಕೊಯ್ಯಬೇಕಾಗುತ್ತದೆ. ಕಾದಾಗ ಕೆಲವು ಮಕ್ಕಳಿಗೆ ಕಾಮಾಲೆ ಸ್ವಲ್ಪ ಹೆಚ್ಚಿ ನೀಲಿ ದೀಪದ ಕೆಳಗೆ ಮಲಗಿಸಬೇಕಾಗಬಹುದು. ಅದೂ ನಿಜ.

ಹಾಗಾದರೆ ಆಸ್ಪತ್ರೆಗಳಲ್ಲಿ ಬೇಗ ಕೊಯ್ಯುವ ರೂಢಿ ಎಲ್ಲಿಂದ ಬಂತು? 1960ರ ದಶಕದ ಆಸುಪಾಸು ಬಾಣಂತಿಗೆ ಹೆಚ್ಚು ರಕ್ತ ಹೋಗದಂತೆ ತಡೆಯಲು ಒಂದು ಕ್ರಮ ಬಂತು. ಗರ್ಭಕೋಶ ಬಿಗಿಯಾಗುವ ಇಂಜೆಕ್ಷನ್ ಕೊಡುವುದು, ಹುರಿಯನ್ನು ಕೂಡಲೇ ಕ್ಲಿಪ್ ಮಾಡುವುದು, ಮಾಸನ್ನು ಹುಷಾರಾಗಿ ಎಳೆದು ತೆಗೆಯುವುದು, ಮೂರೂ ಒಟ್ಟಿಗೆ. ಇಂಜೆಕ್ಷನ್ ಸಾವಿರಾರು ತಾಯಂದಿರ ಜೀವ ಉಳಿಸಿತು, ಇವತ್ತಿಗೂ ಉಳಿಸುತ್ತಿದೆ. ಬೇಗ ಕ್ಲಿಪ್ ಮಾಡುವುದರಿಂದ ತಾಯಿಗೆ ಲಾಭವಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಚಾರ್ಲ್ಸ್ ಡಾರ್ವಿನ್‌ನ ಅಜ್ಜ ಎರಾಸ್ಮಸ್ ಡಾರ್ವಿನ್ ವೈದ್ಯ. ಹುರಿಯನ್ನು ಬೇಗ ಕಟ್ಟಿ ಕೊಯ್ದರೆ ಮಗುವಿಗೆ ಹಾನಿ, ಮಿಡಿತ ನಿಲ್ಲುವವರೆಗೆ ಬಿಡಬೇಕು ಎಂದು ಆತ 1801ರಲ್ಲೇ ಬರೆದಿದ್ದ. ಜಗಳೂರಿನ ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅವಳ ಬೆರಳಿಗೆ ಗೊತ್ತಿತ್ತು.

ನನ್ನ ಹೆರಿಗೆಯಲ್ಲಿ ಯಾರೂ ಕಾಯಲಿಲ್ಲ. ಊರಿನ ಒಂದು ನರ್ಸಿಂಗ್ ಹೋಂ, ಹೆಸರು ಬೇಡ. ಆ ರಾತ್ರಿ ಅಲ್ಲಿ ಒಂದೇ ಸಲಕ್ಕೆ ಮೂರು ಹೆರಿಗೆ. ಮಗಳ ಅಳು ನನ್ನ ಕಿವಿಗೆ ಬೀಳುವುದರೊಳಗೆ ಕ್ಲಿಪ್ ಹಾಕಿ ಕೊಯ್ದಾಗಿತ್ತು. ನನಗೆ ವಿಷಯ ಗೊತ್ತಿತ್ತು. ಕೇಳಬೇಕು ಅಂತ ತಿಂಗಳುಗಟ್ಟಲೆ ಅಂದುಕೊಂಡಿದ್ದೆ. ಆ ನೋವಿನಲ್ಲಿ ಬಾಯಿಂದ ಮಾತೇ ಹೊರಡಲಿಲ್ಲ. ಹತ್ತು ತಿಂಗಳಲ್ಲಿ ಮಗಳ ಹಿಮೋಗ್ಲೋಬಿನ್ 8.9 ಬಂತು. ಅದಕ್ಕೆ ಇದೊಂದೇ ಕಾರಣ ಅಂತ ಹೇಳುವುದು ತಪ್ಪಾಗುತ್ತದೆ. ಬಸುರಿಯಲ್ಲಿ ನನಗೇ ರಕ್ತ ಕಡಿಮೆ ಇತ್ತು, ಅವಳು ಊಟ ಮಾಡಲು ತುಂಬಾ ಸತಾಯಿಸುತ್ತಿದ್ದಳು. ಆದರೂ ಕಬ್ಬಿಣದ ಡ್ರಾಪ್ಸ್ ಅನ್ನು ಅವಳ ಬಾಯಿಗೆ ಬಿಡುವಾಗ ಪ್ರತಿ ಸಲ ಅಜ್ಜಿಯ ಮಾತು ನೆನಪಾಗುತ್ತಿತ್ತು. ಅದರ ಪಾಲು ಅದಕ್ಕೆ ಹೋಗಲಿಲ್ಲ.

ಅದಕ್ಕೇ ತಂಗಿ ಬಸುರಿಯಾದಾಗ ನಾನು ಎಂಟನೇ ತಿಂಗಳ ಚೆಕಪ್ಪಿಗೆ ಅವಳ ಜೊತೆ ಹೋದೆ. ತಾಯಿ ಕಾರ್ಡ್ ಹಿಡಿದು ಕೂತಿದ್ದ ಹೆಂಗಸರ ಸಾಲಿನಲ್ಲಿ ಎರಡು ಗಂಟೆ ಕಾದು ಡಾಕ್ಟ್ರಮ್ಮನನ್ನು ಕೇಳಿದೆ. "ಮೇಡಂ, ಮಗು ಚೆನ್ನಾಗಿದ್ರೆ ಹುರಿ ಕೊಯ್ಯೋಕೆ ಸ್ವಲ್ಪ ಕಾಯ್ತೀರಾ?" ಅವರು ನನ್ನ ಮುಖ ನೋಡಿ, "ನಾವು ಹಾಗೇ ಮಾಡೋದಮ್ಮ. ಕೇಳಿದ್ದು ಒಳ್ಳೇದಾಯ್ತು" ಅಂದರು. ನೀವೂ ಕೇಳಿ. ಬೇನೆ ಶುರುವಾದ ಮೇಲೆ ಅಲ್ಲ, ಮೊದಲೇ.

ಮೂವತ್ತಾರನೇ ವಾರದ ಸ್ಕ್ಯಾನಿಂಗ್‌ನಲ್ಲಿ ಹುರಿ ಮಗುವಿನ ಕುತ್ತಿಗೆಗೆ ಒಂದು ಸುತ್ತು ಸುತ್ತಿದೆ ಅಂತ ಬಂತು. ಮನೆಯಲ್ಲಿ ಅವತ್ತು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅವ್ವನಿಗೆ ಎರಡು ಚಿಂತೆ. ಮಗುವಿನ ಉಸಿರು ಕಟ್ಟುತ್ತದೆ ಅನ್ನುವುದು ಒಂದು. ಮಾಲೆ ಹಾಕಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗಿಬರುವುದಿಲ್ಲ ಅನ್ನುವುದು ಇನ್ನೊಂದು. ನಮಗಿರುವುದು ಒಬ್ಬನೇ ತಮ್ಮ.

ಮೊದಲನೆಯದಕ್ಕೆ ನಾನು ಉತ್ತರ ಹೇಳಬಲ್ಲವಳಾಗಿದ್ದೆ. ಕುತ್ತಿಗೆ ಬಿಗಿದರೆ ಉಸಿರು ಕಟ್ಟುವುದು ನಮಗೆ, ಮೂಗು ಬಾಯಿಯಿಂದ ಉಸಿರಾಡುವವರಿಗೆ. ಹೊಟ್ಟೆಯಲ್ಲಿರುವ ಮಗುವಿನ ಗಂಟಲಿನಲ್ಲಿ ಗಾಳಿಯೇ ಓಡಾಡುವುದಿಲ್ಲ. ಅದರ ಉಸಿರು ಇರುವುದು ಹುರಿಯಲ್ಲೇ. ಹುರಿ ಅದುಮಿಕೊಳ್ಳದೆ ಅದರೊಳಗೆ ರಕ್ತ ಹರಿಯುತ್ತಿದ್ದರೆ ಮಗು ಕ್ಷೇಮ. ಆ ಲೋಳೆ, ಆ ತಿರುಚು ಇರುವುದೇ ಅದಕ್ಕೆ. ನಾಲ್ಕು ಹೆರಿಗೆಯಲ್ಲಿ ಹೆಚ್ಚು ಕಡಿಮೆ ಒಂದರಲ್ಲಿ ಹುರಿ ಕುತ್ತಿಗೆಗೆ ಸುತ್ತಿರುತ್ತದೆ, ಬಹುಪಾಲು ಮಕ್ಕಳು ಏನೂ ತೊಂದರೆ ಇಲ್ಲದೆ ಹುಟ್ಟುತ್ತಾರೆ. ನಿಜವಾಗಿ ಹೆದರಬೇಕಾದ ಸಂದರ್ಭ ಬೇರೆ. ನೀರು ಒಡೆದ ಮೇಲೆ ಮಗುವಿಗಿಂತ ಮೊದಲು ಹುರಿ ಕೆಳಗೆ ಜಾರಿ ಬಂದರೆ ಮಗುವಿನ ತಲೆಯೇ ಅದನ್ನು ಒತ್ತಿಬಿಡುತ್ತದೆ. ಆಗ ಒಂದು ನಿಮಿಷವೂ ತಡ ಮಾಡಬಾರದು. ಬಸುರಿಯನ್ನು ಮೊಣಕಾಲೂರಿಸಿ, ಎದೆ ಕೆಳಗೆ, ಸೊಂಟ ಮೇಲೆ ಇರುವಂತೆ ಬಾಗಿಸಿ ಆಸ್ಪತ್ರೆಗೆ ಒಯ್ಯಬೇಕು. ಹುರಿಯನ್ನು ಒಳಗೆ ತಳ್ಳಲು ಹೋಗಬಾರದು. ಹಾಗೇ ಮಗುವಿನ ಒದೆತ ಕಡಿಮೆಯಾಯಿತು ಅನಿಸಿದರೆ ನಾಳೆ ನೋಡೋಣ ಅನ್ನಬಾರದು. ಇವೆರಡನ್ನು ತಂಗಿಗೆ ಮತ್ತೆ ಮತ್ತೆ ಹೇಳಿದ್ದೆ.

ಎರಡನೆಯ ಚಿಂತೆಗೆ ವಿಜ್ಞಾನದ ಉತ್ತರ ಹೇಳಿದರೆ ಅವ್ವನ ಭಯ ಹೋಗುವುದಿಲ್ಲ ಅಂತ ನನಗೆ ಗೊತ್ತಿತ್ತು. ತಮ್ಮನೇ, "ಇರ್ಲಿ ಬಿಡಕ್ಕ, ಎಣ್ಣೆಯಾಗೆ ಮುಖ ನೋಡಿದ್ರೆ ಅವ್ವಂಗೆ ಸಮಾಧಾನ ಆಗ್ತೈತಿ ಅಂದ್ರೆ ನೋಡ್ತೀನಿ" ಅಂದ.

ಹೆರಿಗೆಯ ದಿನ ಜೊತೆಗೆ ಒಬ್ಬ ಹೆಂಗಸನ್ನು ಒಳಗೆ ಬಿಟ್ಟರು. ನಾನು ತಂಗಿಯ ತಲೆಯ ಹತ್ತಿರ ನಿಂತೆ. ತಲೆ ಹೊರಬಂದ ಕೂಡಲೇ ಸಿಸ್ಟರ್ ಒಂದು ಬೆರಳು ಹಾಕಿ ಸುತ್ತನ್ನು ತಲೆಯ ಮೇಲಿಂದ ಜಾರಿಸಿದರು. ಕೊರಳಿನ ಹೂವಿನ ಹಾರ ತೆಗೆದಷ್ಟೇ ಸಲೀಸು. ಮಗು ಬಂತು, ಅತ್ತಿತು. ಒರೆಸಿ ತಂಗಿಯ ಎದೆಯ ಮೇಲೆ ಮಲಗಿಸಿ ಬಟ್ಟೆ ಹೊದಿಸಿದರು. ತಂಗಿಗೆ ಇಂಜೆಕ್ಷನ್ ಕೊಟ್ಟರು. ಹುರಿಯನ್ನು ಯಾರೂ ಮುಟ್ಟಲಿಲ್ಲ. ಡಾಕ್ಟ್ರಮ್ಮ ಗೋಡೆ ಗಡಿಯಾರದ ಕಡೆ ನೋಡಿದರು. ಆಮೇಲೆ ನನಗೆ ಒಂದು ಗ್ಲೌಸ್ ಕೊಟ್ಟು, "ಮುಟ್ಟಿ ನೋಡಿ" ಅಂದರು.

ಎರಡು ಬೆರಳಿಟ್ಟೆ. ಟಕ ಟಕ ಟಕ. ನನ್ನ ನಾಡಿಗಿಂತ ಎಷ್ಟೋ ಜೋರು. ಬೆಚ್ಚಗೆ, ಜಾರುವ ಹುರಿಯೊಳಗಿಂದ ಬರುತ್ತಿತ್ತು. ನಿಧಾನವಾಗಿ ಅದು ಮೆತ್ತಗಾಯಿತು. ಒಂದು ಬಡಿತ ಸಿಕ್ಕಿತು, ಇನ್ನೊಂದಕ್ಕೆ ಕಾದೆ, ಸಿಗಲಿಲ್ಲ. ಹುರಿ ಬೆಳ್ಳಗಾಗಿತ್ತು. ಮೂರು ನಿಮಿಷ ಆಗಿತ್ತು ಅಷ್ಟೇ. ಮಗು ಕಣ್ಣು ಬಿಟ್ಟು ತಂಗಿಯ ಗಲ್ಲವನ್ನು ನೋಡುತ್ತಿತ್ತು. ನಾನು ಅಲ್ಲೇ ಅತ್ತುಬಿಟ್ಟೆ.

ಹೊರಗೆ ಅವ್ವ ಸ್ಟೀಲ್ ಬಟ್ಟಲಲ್ಲಿ ಎಳ್ಳೆಣ್ಣೆ ಹಿಡಿದು ನಿಂತಿದ್ದಳು. ತಮ್ಮ ಬಗ್ಗಿ ಎಣ್ಣೆಯಲ್ಲಿ ಸೋದರಳಿಯನ ಮುಖ ನೋಡಿದ. ಆಮೇಲೆ ನೇರವಾಗಿ ನೋಡಿದ. "ಮೂಗು ಅಜ್ಜಿದೇ" ಅಂದ.

ಅಜ್ಜಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅದನ್ನು ಬಿಟ್ಟರೆ ಅವಳನ್ನು ಅರ್ಧ ಹೇಳಿದಂತಾಗುತ್ತದೆ.

ಅವ್ವನ ಬೆನ್ನಿಗೆ ಹುಟ್ಟಿದ ಒಂದು ಗಂಡು ಮಗು ಇತ್ತು. ಎಂಟನೇ ದಿನ ತೀರಿಕೊಂಡಿತು. ಹುಟ್ಟಿದಾಗ ಚೆನ್ನಾಗಿಯೇ ಇತ್ತು, ಹಾಲು ಕುಡಿಯುತ್ತಿತ್ತು. ಆರನೇ ದಿನ ಬಾಯಿ ತೆರೆಯಲಿಲ್ಲ. ಆಮೇಲೆ ಮೈ ಸೆಟೆಯಿತು, ಮುಟ್ಟಿದರೆ ಸಾಕು ಬಿಲ್ಲಿನ ಹಾಗೆ ಬಾಗುತ್ತಿತ್ತು. ಊರಲ್ಲಿ ಬಾಲಗ್ರಹ ಅಂದರು. ಆ ಮಗುವಿನ ಹುರಿ ಕೊಯ್ದದ್ದು ದನಕ್ಕೆ ಹುಲ್ಲು ಕೊಯ್ಯುವ ಕುಡುಗೋಲಿನಿಂದ. ಕೊಯ್ದ ಜಾಗಕ್ಕೆ ಒಲೆಯ ಬೂದಿ ಹಚ್ಚಿದ್ದರು. ಆಗ ಎಲ್ಲರೂ ಮಾಡುತ್ತಿದ್ದದ್ದೇ ಹಾಗೆ.

ಅದು ಧನುರ್ವಾಯು. ಅದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಗಾಳಿಯಾಡದ ಸತ್ತ ಅಂಗಾಂಶ ಸಿಕ್ಕರೆ ಅಲ್ಲಿ ಬೆಳೆಯುತ್ತದೆ. ಕೊಯ್ದ ಹುರಿಯ ತುಂಡು ಅದಕ್ಕೆ ಹೇಳಿಮಾಡಿಸಿದ ಜಾಗ. ಅದು ಬಿಡುವ ವಿಷ ನರಗಳನ್ನು ಹಿಡಿಯುತ್ತದೆ. ಅಜ್ಜಿಗೆ ಇದನ್ನೆಲ್ಲ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಸರ್ಕಾರದವರು ಸೂಲಗಿತ್ತಿಯರಿಗೆ ಕೊಟ್ಟ ತರಬೇತಿಯಲ್ಲಿ ಒಬ್ಬ ನರ್ಸಮ್ಮ. ಅವತ್ತು ಮನೆಗೆ ಬಂದು ಅಜ್ಜಿ ಯಾರ ಜೊತೆಯೂ ಮಾತಾಡಲಿಲ್ಲವಂತೆ. ಮರುದಿನ ಆ ಕುಡುಗೋಲನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದಳು, ಮತ್ತೆ ಹೆರಿಗೆಗೆ ಮುಟ್ಟಲಿಲ್ಲ. ನಾನು ಲಾಟೀನಿನ ಬೆಳಕಲ್ಲಿ ನೋಡಿದ ಕುದಿಯುವ ನೀರು, ಹೊಸ ಬ್ಲೇಡು ಬಂದದ್ದು ಅಲ್ಲಿಂದ. ಶುದ್ಧ ಕೈ, ಶುದ್ಧ ಜಾಗ, ಶುದ್ಧ ಬ್ಲೇಡು, ಶುದ್ಧ ದಾರ, ಹೊಕ್ಕಳಿಗೆ ಏನೂ ಹಚ್ಚದೆ ಇರುವುದು. ಈ ಐದನ್ನು ಅವಳು ದೇವರ ಹೆಸರಿನ ಹಾಗೆ ಹೇಳುತ್ತಿದ್ದಳು ಅಂತ ಅವ್ವ ಹೇಳುತ್ತಾಳೆ.

ಬಸುರಿಯರಿಗೆ ಟಿಟಿ, ಅಂದರೆ ಧನುರ್ವಾಯು ತಡೆಯುವ ಇಂಜೆಕ್ಷನ್ ಕೊಡುತ್ತಿದ್ದದ್ದೂ ಇದಕ್ಕೇ. ಈಗ ಅದರ ಬದಲು ಟಿಡಿ ಕೊಡುತ್ತಾರೆ. ತಾಯಿಯ ತೋಳಿಗೆ ಚುಚ್ಚಿದ್ದು ಮಗುವನ್ನು ಹೇಗೆ ಕಾಯುತ್ತದೆ ಅಂತ ಯೋಚಿಸಿದ್ದೀರಾ? ತಾಯಿಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸನ್ನು ದಾಟಿ, ಇದೇ ಹುರಿಯಲ್ಲಿ ಹರಿದು ಮಗುವಿಗೆ ಸೇರುತ್ತವೆ. ಹುರಿಯನ್ನು ಕೊಯ್ದಾಗ ಬರಬಹುದಾದ ರೋಗಕ್ಕೆ ಮದ್ದನ್ನು ಹುರಿಯೇ ಮೊದಲು ತಂದು ಕೊಟ್ಟಿರುತ್ತದೆ. ಹೆರಿಗೆಯ ಧನುರ್ವಾಯು ಭಾರತದಲ್ಲಿ ಹತೋಟಿಗೆ ಬಂದಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಆ ಸುದ್ದಿ ಓದಿದಾಗ ನನಗೆ ಹೆಸರೂ ಇಡದೆ ಹೋದ ಆ ಮಾವನ ನೆನಪಾಯಿತು. ಅಜ್ಜಿ ಆಗ ಇರಲಿಲ್ಲ.

ಈ ಸಲ ಮನೆಗೆ ಬಂದ ಮಾರನೇ ದಿನವೇ ಅವ್ವ ಮಗುವಿನ ಹೊಕ್ಕಳಿಗೆ ಕೊಬ್ಬರಿ ಎಣ್ಣೆ, ಅರಿಶಿನ ತಂದಳು. ಬೇಗ ಒಣಗಲಿ ಅಂತ. "ಅಜ್ಜಿ ಏನು ಹೇಳ್ತಿದ್ಲವ್ವ?" ಅಂತ ಕೇಳಿದೆ. ಅವ್ವ ಬಟ್ಟಲು ಹಿಡಿದು ನಿಂತಳು. ಆಮೇಲೆ ವಾಪಸ್ ಅಡುಗೆಮನೆಗೆ ಹೋದಳು. ಏನೂ ಹಚ್ಚಲಿಲ್ಲ. ಲಂಗೋಟಿಯನ್ನು ಹೊಕ್ಕಳಿಗಿಂತ ಕೆಳಗೆ ಕಟ್ಟಿದೆವು, ಗಾಳಿ ಆಡಲಿ ಅಂತ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಬೀಳುತ್ತದೆ. ಸುತ್ತ ಚರ್ಮ ಕೆಂಪಾದರೆ, ಕೀವು ಬಂದರೆ, ವಾಸನೆ ಬಂದರೆ ಡಾಕ್ಟರಿಗೆ ತೋರಿಸಬೇಕು, ಅಷ್ಟೇ.

ಬಿದ್ದ ಹುರಿಯನ್ನು ತಾಯತದಲ್ಲಿ ಹಾಕಿ ಉಡಿದಾರಕ್ಕೆ ಕಟ್ಟುವುದು ನಮ್ಮಲ್ಲಿ ಹಳೆಯ ಪದ್ಧತಿ. ಅದರಲ್ಲಿ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಜೀವಕೋಶಗಳಾಗಬಲ್ಲ ಕಾಂಡಕೋಶ ಇರುತ್ತದೆ, ಹಿರಿಯರಿಗೆ ಅದು ಮೊದಲೇ ಗೊತ್ತಿತ್ತು ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಬರಹ ನಿಮಗೂ ಬಂದಿರಬಹುದು. ಅದು ನಿಜವಲ್ಲ. ಒಣಗಿದ ಹುರಿಯಲ್ಲಿ ಜೀವಕೋಶಗಳು ಸತ್ತಿರುತ್ತವೆ. ಹುರಿಯ ರಕ್ತದ ಕಾಂಡಕೋಶಗಳಿಂದ ಚಿಕಿತ್ಸೆ ಇರುವುದು ನಿಜ. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲಕ್‌ಮನ್ ಎಂಬ ವೈದ್ಯೆ ಮೊದಲ ಸಲ ಒಬ್ಬ ಹುಡುಗನಿಗೆ ಅವನ ತಂಗಿಯ ಹುರಿಯ ರಕ್ತ ಕೊಟ್ಟು ಗುಣಪಡಿಸಿದರು. ಆದರೆ ಅಂಥ ರಕ್ತವನ್ನು ಹುಟ್ಟಿದ ಕೂಡಲೇ ತೆಗೆದು, ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಇಡಬೇಕು. ತಂಗಿಯ ಏಳನೇ ತಿಂಗಳಲ್ಲಿ ಹೀಗೆ ಹುರಿಯ ರಕ್ತ ಕಾಪಿಡುವ ಬ್ಯಾಂಕಿನ ಪ್ರತಿನಿಧಿಯೊಬ್ಬರು ಮನೆಗೆ ಬಂದು ಕಂತಿನ ಲೆಕ್ಕ ಹೇಳಿದ್ದರು. ಮುಂದೆ ತನಗೇ ಬೇಕಾಗಬಹುದು ಅಂತ ಮಗುವಿನ ರಕ್ತವನ್ನು ದುಡ್ಡು ಕೊಟ್ಟು ಇಡಿಸುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ಮನೆಯಲ್ಲಿ ಯಾರಿಗಾದರೂ ಆ ಚಿಕಿತ್ಸೆ ಬೇಕಾದ ಕಾಯಿಲೆ ಇದ್ದರೆ ಮಾತು ಬೇರೆ. ತಂಗಿಯ ಗಂಡ ಸಾಲ ಮಾಡಲು ತಯಾರಿದ್ದರು, ಮಗುವಿನ ಮೇಲಿನ ಪ್ರೀತಿ ಅದು. ನಾನು ಅವರಿಗೆ ಹೇಳಿದೆ, ಆ ರಕ್ತ ಇರಬೇಕಾದ ಮೊದಲ ಜಾಗ ಮಗುವಿನ ಮೈ. ಮೂರು ನಿಮಿಷ ಕಾದರೆ ಅಲ್ಲಿಗೇ ಹೋಗುತ್ತದೆ, ಕಂತು ಕಟ್ಟಬೇಕಿಲ್ಲ.

ಅವ್ವ ಮಾತ್ರ ತಾಯತ ಬೇಕು ಅಂದಳು. ಔಷಧಿಗಲ್ಲ, ನೆನಪಿಗೆ. ನಾನು ಬೇಡ ಅನ್ನಲಿಲ್ಲ. ಮಗುವಿನ ಮೈಗೆ ಕಟ್ಟದೆ ಬೀರುವಿನಲ್ಲಿ ಇಡುವುದಾದರೆ ಯಾಕೆ ಬೇಡ.

ಸಂಜೆ ಅಂಗಳದಲ್ಲಿ ಕೂತಾಗ ಮಗಳಿಗೆ ಉಳಿದದ್ದನ್ನು ಹೇಳಿದೆ. ಹೊರಗಿನ ತುಂಡು ಮಾತ್ರ ಬೀಳುವುದು. ಒಳಗಿನ ತುಂಡು ಉಳಿಯುತ್ತದೆ. ಹೊಕ್ಕಳಿನಿಂದ ಲಿವರ್‌ವರೆಗೆ ಆ ದೊಡ್ಡ ನಾಳ ರಕ್ತ ನಿಂತ ಮೇಲೆ ಬತ್ತಿ, ಒಂದು ದಾರದ ಹಾಗಾಗುತ್ತದೆ. ಇನ್ನೆರಡು ನಾಳಗಳು ಹೊಕ್ಕಳಿನಿಂದ ಕೆಳಗೆ ಹೊಟ್ಟೆಯ ಒಳಗೋಡೆಗುಂಟ ದಾರಗಳಾಗಿ ಉಳಿಯುತ್ತವೆ. ದೊಡ್ಡವರಾದ ಮೇಲೂ, ಮುದುಕರಾದ ಮೇಲೂ ಅಲ್ಲೇ ಇರುತ್ತವೆ.

ಅವಳು ತನ್ನ ಫ್ರಾಕ್ ಎತ್ತಿ ಹೊಕ್ಕಳು ನೋಡಿಕೊಂಡಳು. ಆಮೇಲೆ ಅವ್ವನ ಹತ್ತಿರ ಓಡಿದಳು. "ಅಜ್ಜಿ, ನಿನ್ನ ಹೊಟ್ಟೆಯಾಗೂ ನಿಮ್ಮವ್ವನ ಹುರಿ ಐತಂತೆ!"

ಅವ್ವ ಮಗುವಿನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಸೆರಗಿನ ಮೇಲಿಂದಲೇ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡಳು. "ಹೂಂ, ಇರ್ತೈತಿ" ಅಂದಳು. ಕೈ ತೆಗೆಯದೆ ಇನ್ನೊಂದು ಕೈಯಿಂದ ಒಲೆಯ ಸೌದೆ ಮುಂದಕ್ಕೆ ತಳ್ಳಿದಳು.